ಬಸವಂತಮ್ಮನ ಓಟು ಮನೆಯಲ್ಲಿದೆಯಂತೆ

ಚುನಾವಣಾ ಕಚೇರಿಯ ದೊಡ್ಡ ಸಾಹೇಬರಿಗೆ,

ಮಾನ್ಯರೇ,

ಕಳೆದ ಲೋಕಸಭಾ ಚುನಾವಣೆಯಲ್ಲಿ ನಿಮ್ಮ ಕಚೇರಿ ನಮ್ಮ ಅಜ್ಜಿ ಬಸವಂತಮ್ಮನ ಮತವನ್ನು ಕಸಿದುಕೊಂಡಿತು. ಅವಳಿಗೆ ಎಂಬತ್ತೇಳು ವರ್ಷ. ಸಾಮಾನ್ಯ ಕಳ್ಳರು ಮತ ಕದಿಯುವಾಗ ತುಸುವಾದರೂ ಅಂಜುತ್ತಾರೆ. ನೀವು ಅವಳಿಗೆ ಅನುಕೂಲ ಮಾಡಿಕೊಡುತ್ತೇವೆಂದು ಹೇಳಿಯೇ ಕಸಿದುಕೊಂಡಿರಿ. ಇಂಥ ನಯವಾದ ಕೆಲಸಕ್ಕೆ ಕೈ ಮುಗಿಯಬೇಕೋ, ಥೂ ಎನ್ನಬೇಕೋ ತಿಳಿಯದೆ ನಾಲ್ಕು ಜನ ಓದಲೆಂದು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ಎಂಬತ್ತೈದು ದಾಟಿದವರು ಬೇಕೆಂದು ಅರ್ಜಿ ಕೊಟ್ಟರೆ ಮನೆಯಲ್ಲೇ ಮತ ಹಾಕಬಹುದು. ಬೇಕೆಂದು ಕೇಳಿದವರಿಗೆ ಮಾತ್ರ, ಅದನ್ನು ಮರೆಯಬೇಡಿ. ಚುನಾವಣೆಗೆ ತಿಂಗಳ ಮುಂಚೆ ನಿಮ್ಮ ಸಿಬ್ಬಂದಿಯೊಬ್ಬರು ಹಿರೇಕೊಟ್ನೆಕಲ್ ಹತ್ತಿರದ ನಮ್ಮ ಹಳ್ಳಿಗೆ ಬಂದು, “ವಯಸ್ಸಾದೋರ ಲಿಸ್ಟ್ ಮಾಡಾಕತ್ತೀವ್ರಿ, ಇಲ್ಲೊಂದು ಹೆಬ್ಬಟ್ಟು ಒತ್ತಸ್ರಿ” ಎಂದರು. ನಾನು ಬಿ.ಎ. ಪಾಸಾದವನು. ಊರಿನ ಅರ್ಧ ಜನರ ಕಾಗದಪತ್ರ ಓದಿ ಹೇಳುವವನು. ಆ ಹಾಳೆಯಲ್ಲಿ ಏನಿದೆ ಎಂದು ಮಾತ್ರ ನೋಡಲಿಲ್ಲ. ಅಜ್ಜಿಯ ಹೆಬ್ಬೆರಳು ಹಿಡಿದು ನಾನೇ ಒತ್ತಿಸಿದೆ. ಅದೇ ಅವಳ ಅರ್ಜಿಯಾಯಿತು.

ನಿಮ್ಮ ತಂಡ ಪೊಲೀಸರು, ಕ್ಯಾಮೆರಾ ಸಮೇತ ಜೀಪಿನಲ್ಲಿ ಬಂದದ್ದು ಒಂದು ಸೋಮವಾರ. ಮುಂಚೆ ತಿಳಿಸಬೇಕೆಂಬ ನಿಯಮವಿದೆಯಂತೆ, ನಮಗೆ ಯಾರೂ ತಿಳಿಸಲಿಲ್ಲ. ತಿಂಗಳಿಗೊಂದು ಸೋಮವಾರ ಅಜ್ಜಿ ನನ್ನನ್ನು ಕರೆದುಕೊಂಡು ದೇವಸುಗೂರಿಗೆ ಸೂಗೂರೇಶ್ವರನ ದರ್ಶನಕ್ಕೆ ಹೋಗುತ್ತಾಳೆ. ಅಂದೂ ಹೋಗಿದ್ದೆವು, ಮನೆಗೆ ಬೀಗವಿತ್ತು. ಮುಂದಿನದನ್ನು ಪಕ್ಕದ ಮನೆಯ ದಿಲ್ಶಾದ್ ಹೇಳಿದಳು: “ಸಂಜಿಗಿ ಬರ್ತಾರ್ರಿ ಅಂದೆ. ನಮ್ಮ ಕಟ್ಟಿ ಮ್ಯಾಲ ಕುಂತು ಚಾ ಕುಡದ್ರು. ಕುಡದು, ಮತ್ತೊಮ್ಮಿ ಹೋಗಿ ಬೀಗ ನೋಡಿ ಬಂದು, ಜೀಪ್ ಹತ್ತಿದ್ರು.” ಮತದಾರರು ಸಿಗದಿದ್ದರೆ ಇನ್ನೊಮ್ಮೆ ಬರಬೇಕೆಂಬ ನಿಯಮವೂ ಇದೆಯಂತೆ. ಹೀಗೆ ಒಂದು ಲೋಟ ಚಹಾದ ಅಂತರದಲ್ಲಿ ನಿಮ್ಮ ದಾಖಲೆಯಲ್ಲಿ ಎರಡು ಭೇಟಿ ಮುಗಿದವು.

ನಮಗೆ ಇದ್ಯಾವುದರ ಅರ್ಥವೂ ಆಗಿರಲಿಲ್ಲ. ಮತದಾನದ ದಿನ ಅಜ್ಜಿ ಎಂದಿನಂತೆ ಸ್ನಾನ ಮಾಡಿ, ಖಾಲಿ ಹೊಟ್ಟೆಯಲ್ಲಿ ಹೊರಟಳು. ಮೊದಲ ಸಲ ಮತ ಹಾಕಿದಂದಿನಿಂದ ಅದು ಅವಳ ವ್ರತ. “ಅವತ್ತು ಎಲ್ಲಾರೂ ಉಣ್ಣಾಕ ಕರೀತಾರ. ಉಂಡ ಮ್ಯಾಲ ಕೈ ಅವರ ಕಡಿಗೇ ಹೋಗ್ತದ. ಮದ್ಲ ಓಟು, ಆಮ್ಯಾಲ ರೊಟ್ಟಿ” ಎನ್ನುತ್ತಾಳೆ. ಮತಗಟ್ಟೆಯ ಅಧಿಕಾರಿ ಪಟ್ಟಿಯಲ್ಲಿ ಅವಳ ಹೆಸರಿನ ಮುಂದಿದ್ದ ಗುರುತು ನೋಡಿ, “ಯವ್ವಾ, ನಿಮ್ಮ ಓಟು ಇಲ್ಲಿಲ್ಲ, ಮನ್ಯಾಗ ಅದ” ಎಂದರು.

“ಮನ್ಯಾಗ ಎಲ್ಲದ ಯಪ್ಪಾ? ನಾ ನೋಡಿಲ್ಲಲ್ಲ.”

ಮನೆಯಲ್ಲೇ ಹಾಕುತ್ತೇನೆಂದು ಅರ್ಜಿ ಕೊಟ್ಟವರು ಮತಗಟ್ಟೆಯಲ್ಲಿ ಹಾಕುವಂತಿಲ್ಲವಂತೆ, ಅವರು ಸಾಲಿನಲ್ಲಿದ್ದ ಮುಂದಿನವರನ್ನು ಕರೆದರು. ಮೇ ತಿಂಗಳ ಬಿಸಿಲಲ್ಲಿ ಅಜ್ಜಿ ಸಂಜೆ ಆರರವರೆಗೆ ಶಾಲೆಯ ಜಗಲಿಯಲ್ಲೇ ಕುಳಿತಳು. ನಾನು ರೊಟ್ಟಿ ತಂದರೆ, “ಇನ್ನಾ ಹಾಕಿಲ್ಲ” ಎಂದಳು. ಯಂತ್ರಕ್ಕೆ ಮುದ್ರೆ ಬಿದ್ದ ಮೇಲೆಯೇ ಎದ್ದದ್ದು. ಅವಳ ಮುಖ ನೋಡಲು ನನಗೆ ನಾಚಿಕೆಯಾಯಿತು.

ಮಾನ್ವಿಗೆ ಎರಡು ಸಲ, ರಾಯಚೂರಿಗೆ ಮೂರು ಸಲ ಅಲೆದ ಮೇಲೆ ತಮ್ಮ ಉತ್ತರ ಬಂತು: “ಸದರಿ ಮತದಾರರು ಎರಡೂ ಭೇಟಿಗಳಲ್ಲಿ ಲಭ್ಯವಿರದೆ, ಮತ ಚಲಾಯಿಸಲು ಆಸಕ್ತಿ ತೋರಿರುವುದಿಲ್ಲ.” ಆಸಕ್ತಿ! ಇದನ್ನು ಬರೆದ ಕೈ ಅಂದು ಮಧ್ಯಾಹ್ನ ಊಟ ಮಾಡಿತ್ತೇ? ದೇವದುರ್ಗದ ಬಸ್ ನಿಲ್ದಾಣದಲ್ಲಿ ಶಾಯಿಯ ಬೆರಳೆತ್ತಿ ನಗುವ ಮುದುಕಿಯ ಫಲಕ ಹಾಕಿಸಿದ್ದೀರಲ್ಲ, ಆ ಮುದುಕಿಯನ್ನಾದರೂ ಒಳಗೆ ಬಿಟ್ಟಿದ್ದಿರಾ? ಮತದಾನ ಜಾಗೃತಿಯ ಓಟವೆಂದು ರಾಯಚೂರಿನ ಬೀದಿಗಳಲ್ಲಿ ಟೋಪಿ ಹಂಚಿ ಜನರನ್ನು ಓಡಿಸಿದಿರಿ. ತಾನಾಗಿ ನಡೆದು ಬಂದವಳನ್ನು ವಾಪಸು ಕಳಿಸಿದಿರಿ. ಈ ಕ್ಷೇತ್ರದಿಂದ ದಿಲ್ಲಿಗೆ ಹೋದವರು ಅವಳನ್ನೂ ಪ್ರತಿನಿಧಿಸುತ್ತಾರೆಂದು ನಾನು ಯಾವ ಬಾಯಿಂದ ಹೇಳಲಿ? ನನಗೆ ಹೇಸಿಗೆಯಾಗುತ್ತಿದೆ, ಸಾಹೇಬರೇ.

ನಿಮ್ಮಿಂದ ಪರಿಹಾರ ಬೇಡ, ಸನ್ಮಾನದ ಶಾಲೂ ಬೇಡ. ಅಜ್ಜಿ ಈಗ ದೇವಸುಗೂರಿಗೆ ಹೋಗುವುದನ್ನು ಬಿಟ್ಟಿದ್ದಾಳೆ. “ಅವರು ಮತ್ತ ಬಂದ್ರ, ಬೀಗ ನೋಡಿ ಹೋಗ್ತಾರ” ಎಂದು ಬಾಗಿಲು ತೆರೆದಿಟ್ಟು ಕೂರುತ್ತಾಳೆ. ಆ ಚುನಾವಣೆ ಮುಗಿದುಹೋಯಿತೆಂದು ನಾನು ಹೇಳಿದರೆ ನಂಬುವುದಿಲ್ಲ, ಹೆಬ್ಬೆಟ್ಟು ಒತ್ತಿಸಿದವನ ಮಾತು ಯಾಕೆ ನಂಬಬೇಕು? ತಾವೇ ಖುದ್ದಾಗಿ ಬಂದು, ತಪ್ಪು ಅವಳದಲ್ಲ ಎಂದು ಅವಳೆದುರು ಹೇಳಬೇಕು. ಮುಂಚೆ ತಿಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಯಾವ ಸೋಮವಾರ ಬಂದರೂ ಅವಳು ಮನೆಯಲ್ಲೇ ಇರುತ್ತಾಳೆ.

ಇಂತಿ,
ಓದು ಬಂದೂ ಓದದೆ ಒತ್ತಿಸಿದ ಮೊಮ್ಮಗ,
ಉದಯಕುಮಾರ
ಮಾನ್ವಿ ತಾಲ್ಲೂಕು