ಎಡಗಾಲಿನ ಚಪ್ಪಲಿ

ಹಾನ್ಲೆ, ಲಡಾಖ್

ಅಜ್ಜಿ,

ನಿನ್ನಿಂದಾಗಿ ನನ್ನ ಹತ್ತೊಂಬತ್ತು ದಿನದ ಕೆಲಸ ಹಾಳಾಯಿತು. ಬೆಟ್ಟಗಳ ಮೇಲಿನ ಈ ಮರಳುಗಾಡಿನಲ್ಲಿ ಸುಂಟರಗಾಳಿಯನ್ನು ಅಳೆಯಲು ಕಂಬಕ್ಕೆ ಯಂತ್ರ ಕಟ್ಟಿ ಕಾಯುತ್ತಿದ್ದೆವು. ಬಂದವೆಲ್ಲ ದೂರದಲ್ಲೇ ಸುತ್ತಿ ಹೋಗುತ್ತಿದ್ದವು. ನಿನ್ನೆ ಮಧ್ಯಾಹ್ನ ಒಂದು, ನಮ್ಮ ತುರುವನೂರಿನ ಮೂರು ತೆಂಗಿನ ಮರದಷ್ಟು ಎತ್ತರದ್ದು, ನೇರವಾಗಿ ಕಂಬದ ಕಡೆಗೇ ಬಂತು. ಆಗ ನಾನು ಏನು ಮಾಡಿದೆ ಗೊತ್ತಾ? ಮೂರು ಸಲ ಥೂ ಎಂದು ಉಗಿದು, ಎಡಗಾಲಿನ ಚಪ್ಪಲಿ ಬಿಚ್ಚಿ ಬೀಸಿ ಒಗೆದೆ! ಕುರಿಹಟ್ಟಿಯಲ್ಲಿ ನೀನು, "ಏ ಹುಡ್ಗಿ, ದೆವ್ವದ ಗಾಳಿ ಬಂತು, ಎಡಗಾಲ ಕೆರ ಒಗಿಯೇ, ಮರಿ ಹೊತ್ಕಂಡು ಹೋಗ್ತೈತೆ" ಎಂದು ಕಲಿಸಿದ್ದು ಇಷ್ಟೆಲ್ಲ ಓದಿದರೂ ಕೈಯಿಂದ ಹೋಗಿಲ್ಲ. ಚಪ್ಪಲಿ ಬಡಿದು ಯಂತ್ರ ಕೆಳಗೆ ಬಿತ್ತು, ಒಂದು ಅಂಕಿಯೂ ದಾಖಲಾಗಲಿಲ್ಲ. ಕಾರಣ ಬರೆದುಕೊಡು ಎಂದು ನಮ್ಮ ತಂಡದ ಮೇಡಂ ಕೇಳಿದ್ದಾರೆ. ಏನಂತ ಬರೆಯಲಿ?

ಇಲ್ಲಿಯ ಒಣಹವೆಗೆ ಮೂಗಿನಲ್ಲಿ ರಕ್ತ ಬರುತ್ತಿದ್ದುದು ಈಗ ನಿಂತಿದೆ. ನೀನು ಕೊಟ್ಟ ಕಂಬಳಿ ಬೆಚ್ಚಗಿದೆ.

ಕಾವ್ಯಶ್ರೀ

ಪರಮೇಶ್ ಮಾವ, ಅಜ್ಜಿಗೆ ಇಲ್ಲಿಯವರೆಗೆ ಮಾತ್ರ ಓದಿ ಹೇಳಿ. ಚಪ್ಪಲಿ ಒಗೆದ ಕೂಡಲೇ ಆ ಗಾಳಿ ಹೆದರಿದಂತೆ ಪಕ್ಕಕ್ಕೆ ತಿರುಗಿ ಹೋಯಿತು ಎಂಬುದನ್ನು ದಯವಿಟ್ಟು ಹೇಳಬೇಡಿ.