ರಾಜೀನಾಮಾ ಅಂದರೇನು, ವಕೀಲ ಕಾಕಾ?

ವಕೀಲ ಕಾಕಾ ಅವರಿಗೆ,

ನಮಸ್ಕಾರ ಅಂತ ಬರೆಯುವುದಿಲ್ಲ. ನೀವು ಬದುಕಿದ್ದಾಗ ದಾರಿಯಲ್ಲಿ ಎದುರಾದರೆ ಮುಖ ತಿರುಗಿಸಿ ಹೋಗುತ್ತಿದ್ದವಳು ನಾನು. ಈಗ ಕೈ ಮುಗಿದರೆ ನಾಟಕವಾಗುತ್ತದೆ. ಕಾಕಾ ಅನ್ನುವುದನ್ನು ಮಾತ್ರ ಬಿಡಲಾಗಲಿಲ್ಲ. ನೀವು ಅಪ್ಪನಿಗೆ ದೂರದ ತಮ್ಮನಾಗಬೇಕು, ಭಂಕೂರದ ಒಂದೇ ಓಣಿಯಲ್ಲಿ ಆಡಿ ಬೆಳೆದವರು, ಆ ಶಬ್ದ ನನ್ನ ಬಾಯಿಗೆ ಚಿಕ್ಕಂದಿನಲ್ಲೇ ಅಂಟಿಕೊಂಡಿದೆ. ನಿಮ್ಮ ಹೆಣದ ಮುಂದೆ ಜನ ‘ಬಡವರ ವಕೀಲ ಹೋದ’ ಅಂತ ಅತ್ತರಂತೆ. ನಾನು ಬರಲಿಲ್ಲ. ನಿಮಗೊಂದು ಸುದ್ದಿ ಹೇಳುವುದಿತ್ತು, ಅದನ್ನು ಕೇಳಿಸಿಕೊಳ್ಳದೆ ಹೊರಟುಬಿಟ್ಟಿರಿ. ಅದಕ್ಕೂ ನನಗೆ ಸಿಟ್ಟಿದೆ.

ನಮ್ಮ ಪಡಸಾಲೆಯ ಆ ಸಂಜೆ ನಿಮಗೆ ನೆನಪಿರಬೇಕು. ಅಪ್ಪ ಒಂದು ಕಡೆ, ಕಲ್ಲಿನ ಖಣಿಯಲ್ಲಿ ಅಪ್ಪನಿಂದ ಕೆಲಸ ತೆಗೆಯುವ ಮುಕಾದಮ ಮಾಣಿಕಪ್ಪ ಇನ್ನೊಂದು ಕಡೆ, ಇಬ್ಬರೂ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಖಣಿಯ ಒಂದು ಗೋಡೆ ಬಿರುಕು ಬಿಟ್ಟಿದೆ, ಅದರ ಕೆಳಗೆ ಇಳಿದು ಕಲ್ಲು ತೆಗೆಯುವುದಿಲ್ಲ ಎಂದು ಅಪ್ಪ ಹೇಳಿದ್ದ. ಮುಕಾದಮ ಅವ್ವನ ಹೆಸರು ಎತ್ತಿ ಬೈದಿದ್ದ. ಅಪ್ಪ ಅವನ ಕೊರಳಪಟ್ಟಿ ಹಿಡಿದಿದ್ದ. ನೀವು ಶಹಾಬಾದದಿಂದ ಸೈಕಲ್ ಹೊಡೆದುಕೊಂಡು ಬಂದು ನಡುವೆ ಕೂತಿರಿ.

“ಅಣ್ಣಾ, ಮುಕಾದಮನ ಮೈಮ್ಯಾಲ ಕೈ ಹಾಕಿದ್ರ ನಾಳಿಗಿ ಯಾವ ಖಣ್ಯಾಗ ಕೆಲಸ ಸಿಗತದ?” ಅಂದಿರಿ.

“ಗ್ವಾಡಿ ಬೀಳತದ ಅಂದೀನಿ. ಅದರಾಗ ತಪ್ಪೇನದ?” ಅಂದ ಅಪ್ಪ.

“ಇಷ್ಟ ದಿನ ನಿಂತದ, ನಾಳಿಗೇ ಬೀಳತದೇನು? ಸುಮ್ಮ ರಾಜೀನಾಮಾ ಮಾಡ್ಕೋ. ಮುಂಜಾನಿ ಎದ್ದು ಇಳಿ.”

ನಾನು ಚಹಾ ತಂದೆ. ಜಗಳ ಬಗೆಹರಿದರೆ ನಮ್ಮ ಕಡೆ ಇಬ್ಬರಿಗೂ ಸೇರಿ ಒಂದೇ ಚಹಾ, ಒಬ್ಬನಿಗೆ ಕಪ್ಪು, ಇನ್ನೊಬ್ಬನಿಗೆ ಅದರ ಕೆಳಗಿನ ಬಸಿ. ಅರ್ಧ ಚಹಾ ಬಸಿಗೆ ಸುರಿದವರು ನೀವೇ. ಕಪ್ಪು ಮುಕಾದಮನಿಗೆ ಕೊಟ್ಟಿರಿ, ಬಸಿ ಅಪ್ಪನಿಗೆ. ಅಪ್ಪ ಸ್ವಲ್ಪ ಹೊತ್ತು ಅದನ್ನು ನೋಡುತ್ತ ಕೂತಿದ್ದು, ಆಮೇಲೆ ಸೊರ್ ಎಂದು ಕುಡಿದಿದ್ದು... “ಆತು, ರಾಜೀನಾಮಾ ಆತು” ಎಂದು ತೊಡೆ ತಟ್ಟಿ ಎದ್ದಿರಿ. ಅವ್ವನಿಗೆ ಎಷ್ಟು ಸಮಾಧಾನವಾಗಿತ್ತೆಂದರೆ ನಿಮ್ಮನ್ನು ಊಟಕ್ಕೂ ನಿಲ್ಲಿಸಿಕೊಂಡಳು.

ಮರುದಿನ ಬುತ್ತಿ ಒಯ್ಯಲು ನಾನು ಹೊಸ್ತಿಲು ದಾಟಿರಲಿಲ್ಲ, ಗೋಡೆ ಬಿದ್ದ ಸುದ್ದಿ ಬಂತು. ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರುವ ಲಾರಿಯಲ್ಲೇ ಅಪ್ಪನನ್ನು ತಂದರು. ಎಲ್ಲರಿಗಿಂತ ಮೊದಲು ಓಡಿಬಂದವರು ನೀವು. “ವೈನಿ, ನಾ ಇದ್ದೀನಿ. ಕೇಸ್ ನಾನೇ ನಡಸ್ತೀನಿ. ಮಾಲಕರಿಗಿ ಬಿಡಂಗಿಲ್ಲ” ಎಂದು ಅತ್ತಿರಿ. ಆ ಕಣ್ಣೀರು ಸುಳ್ಳೆಂದು ನಾನು ಇವತ್ತಿಗೂ ಹೇಳಲಾರೆ. ಅದು ಸುಳ್ಳಾಗಿದ್ದರೆ ನಿಮ್ಮನ್ನು ಮರೆಯುವುದು ಸುಲಭವಾಗುತ್ತಿತ್ತು. ಅವ್ವ ನಿಮ್ಮ ವಕಾಲತ್ತಿಗೆ ಮರುಮಾತಿಲ್ಲದೆ ಹೆಬ್ಬೆಟ್ಟು ಒತ್ತಿದಳು. ಮನೆಯವರೇ ವಕೀಲರಾದರೆ ಇನ್ನೇನು ಕೇಳುವುದು?

ಗುಲಬರ್ಗಾದ ವಿಚಾರಣೆಯ ದಿನ ನಾನು ಹಿಂದಿನ ಬೆಂಚಿನ ಮೇಲಿದ್ದೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿ ಬಹಳ ವರ್ಷವಾಗಿರಲಿಲ್ಲ. ಪರಿಹಾರದ ಅರ್ಜಿ ನೋಡುವ ಸಾಹೇಬರು ಮೈಸೂರಿನ ಕಡೆಯಿಂದ ಬಂದವರು, ಮೆತ್ತಗೆ ಮಾತಾಡುವವರು. ಅವ್ವನನ್ನು ಕೇಳಿದರು.

“ನಿಮ್ಮ ಯಜಮಾನರಿಗೂ ಮುಕಾದಮನಿಗೂ ಜಗಳ ಆಯಿತಲ್ಲಮ್ಮ, ಆಮೇಲೆ?”

“ರಾಜೀನಾಮಾ ಆತ್ರೀ ಸಾಹೇಬ್ರ. ಸಾಯೂ ಹಿಂದಿನ ದಿನಾನೇ.”

“ಅವರಾಗಿಯೇ ರಾಜೀನಾಮೆ ಕೊಟ್ಟರಾ?”

“ಹೌದ್ರೀ. ಮದಲ ಒಲ್ಲೆ ಅಂದ್ರು. ನಾಕ ಮಂದಿ ಹೇಳಿದ ಮ್ಯಾಲ ಕೊಟ್ರು.”

ಸಾಹೇಬರು ಬರೆದುಕೊಂಡರು. ನನ್ನ ಕಿವಿಗೂ ಅದರಲ್ಲಿ ತಪ್ಪೇನೂ ಕೇಳಿಸಲಿಲ್ಲ. ನಮಗೆ ರಾಜೀನಾಮಾ ಅಂದರೆ ಜಗಳ ಬಿಟ್ಟು ರಾಜಿಯಾಗುವುದು. ಅವರಿಗೆ ಅದು ಕೆಲಸ ಬಿಡುವುದು. ಈ ವ್ಯತ್ಯಾಸ ನಮಗೆ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು ಕಾಕಾ. ಎರಡೂ ಕಡೆಯ ಕಾಗದ ಓದುವ ವಕೀಲರು ನೀವು. ಆ ಬಸಿಗೆ ಚಹಾ ಸುರಿದವರೂ ನೀವು. ಅವ್ವನ ಪಕ್ಕದಲ್ಲೇ ನಿಂತಿದ್ದಿರಿ. “ಸಾಹೇಬರ, ಆ ಶಬ್ದಕ್ಕ ನಮ್ಮ ಕಡೆ ಬ್ಯಾರೆ ಅರ್ಥ ಅದ” ಅನ್ನಲು ನಾಲಿಗೆಗೆ ಎಷ್ಟು ಭಾರವಾಗುತ್ತಿತ್ತು?

ಅರ್ಜಿ ವಜಾ ಆಯಿತು. ಸತ್ತವನು ಹಿಂದಿನ ದಿನವೇ ಕೆಲಸ ಬಿಟ್ಟಿದ್ದ, ತನ್ನ ಹಾರೆ ಸುತ್ತಿಗೆ ಒಯ್ಯಲು ಕೇಳದೆ ಖಣಿಗೆ ಇಳಿದಿದ್ದ ಎಂದು ಮಾಲಕರ ವಕೀಲ ಹೇಳಿದ್ದನ್ನು ಸಾಹೇಬರು ಒಪ್ಪಿಕೊಂಡಿದ್ದರು. ಊರಲ್ಲಿ ಅದು ಇನ್ನೂ ಚೆನ್ನಾಗಿ ಬೆಳೆಯಿತು. ಭಾವಿಕಟ್ಟೆಯಲ್ಲಿ ಒಬ್ಬಳು ನನ್ನೆದುರಿಗೇ “ಹಾರಿ ಕದಿಲಿಕ್ಕ ಹೋಗಿದ್ನಂತಲ್ಲ” ಅಂದಳು. ಆ ಹಾರೆ ಅಪ್ಪನ ಸ್ವಂತದ್ದು. ಅವ್ವ ಅಂದಿನಿಂದ ಭಾವಿಗೆ ಹೋಗುವುದನ್ನೇ ಬಿಟ್ಟಳು. ಪರಿಹಾರ ಬರದಿದ್ದರೆ ಕೂಲಿ ಮಾಡಿ ತಿಂದೇವು. ಗಂಡ ಕಳ್ಳನಾಗಿ ಸತ್ತ ಅನ್ನಿಸಿಕೊಂಡು ಹೇಗೆ ಬದುಕುವುದು ಎಂದು ರಾತ್ರಿ ಹಗಲು ಅದೊಂದೇ ಮಾತು ಅವಳದು.

ನಿಮ್ಮ ಮನೆಗೆ ನಾನೊಬ್ಬಳೇ ಬಂದದ್ದು ಆಮೇಲೆ. ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಿರಿ.

“ಕಾಕಾ, ನಿಮಗ ಗೊತ್ತಿತ್ತಲ್ಲ?”

“ಸಾಹೇಬರು ಬರಿಯೂ ಮುಂದ ನಡುವ ಬಾಯಿ ಹಾಕಬಾರದವ್ವಾ. ಆಗಿದ್ದಾತು. ನಿಮ್ಮವ್ವನೇ ಹಂಗ ಹೇಳಿದ್ರ ನಾ ಏನ್ ಮಾಡ್ಲಿ?”

ಅವ್ವನ ತಲೆಗೇ ಕಟ್ಟಿದಿರಲ್ಲ. ಆ ಒಂದು ಮಾತಿಗೆ ನಿಮ್ಮನ್ನು ನಾನು ಎಂದೂ... ಇರಲಿ. ಯಾಕೆ ಬಾಯಿ ಬಿಡಲಿಲ್ಲ ಎಂದು ವರ್ಷಗಟ್ಟಲೆ ಯೋಚಿಸಿದ್ದೇನೆ. ಮಾಲಕರ ಜಮೀನಿನ ವ್ಯಾಜ್ಯಗಳು ನಿಮ್ಮ ಕೈಯಲ್ಲಿದ್ದವು, ಅದಕ್ಕೇ ಎಂದು ಜನ ಅಂದರು. ನನಗೆ ಬೇರೆ ಅನ್ನಿಸುತ್ತದೆ. ಆ ಶಬ್ದ ಬಿಡಿಸಿ ಹೇಳಿದರೆ ರಾಜಿ ಮಾಡಿಸಿದವರು ಯಾರು ಎಂದು ಸಾಹೇಬರು ಕೇಳುತ್ತಿದ್ದರು. ಬಿರುಕು ಬಿಟ್ಟ ಗೋಡೆಯ ಕೆಳಗೆ ಇಳಿ ಎಂದವರು ಯಾರು ಎಂದೂ ಕೇಳುತ್ತಿದ್ದರು. ನಿಮ್ಮ ಹೆಸರು ಉಳಿಯಲಿ ಎಂದು ಅಪ್ಪನ ಹೆಸರು ಕೊಟ್ಟಿರಿ. ಇದಕ್ಕೆ ಯಾವ ಕಾನೂನಿನಲ್ಲಿ ಏನೆನ್ನುತ್ತಾರೆ, ವಕೀಲ ಕಾಕಾ?

ಚಿತ್ತಾಪುರದ ಖಾದರ್ ವಕೀಲರ ಹತ್ತಿರ ಹೋದಾಗ ಅವರು ನಿಮ್ಮ ಹಾಗೆ ಅಳಲಿಲ್ಲ. ಕುಂದ್ರಿ ಎಂದೂ ಅನ್ನಲಿಲ್ಲ, ಅಷ್ಟು ಗಡಿಬಿಡಿಯ ಮನುಷ್ಯ. “ನಿಮ್ಮವ್ವ ಅಂದದ್ದು ಅದೇ ಶಬ್ದ ಹೇಳು” ಎಂದರು. ಹೇಳಿದೆ. ನಕ್ಕುಬಿಟ್ಟರು. ನಕ್ಕಿದ್ದಕ್ಕೆ ಕ್ಷಮಿಸು ಬೇಟಾ ಎಂದು ಆಮೇಲೆ ಕೋಟು ಹಾಕಿಕೊಂಡರು. ಮೇಲಿನ ಕೋರ್ಟಿಗೆ ಹೋಗಿ, ಅಲ್ಲಿಂದ ಮತ್ತೆ ವಿಚಾರಣೆ ಮಾಡಿ ಎಂದು ಕೆಳಗೆ ಬರುವಷ್ಟರಲ್ಲಿ ರಾಜ್ಯದ ಹೆಸರೇ ಕರ್ನಾಟಕ ಎಂದಾಗಿತ್ತು. ನೀವು ಹಾಸಿಗೆ ಹಿಡಿದಿದ್ದಿರಿ. ನಿಮ್ಮ ದಿನಕರ್ಮ ಮುಗಿದ ಮೇಲೆ ನಮ್ಮ ವಿಚಾರಣೆ ನಡೆಯಿತು. ನಿಮಗೆ ತಪ್ಪಿಹೋದ ಸುದ್ದಿ ಇದೇ.

ಅಪ್ಪ ಕೆಲಸ ಬಿಟ್ಟಿದ್ದ ಎಂದು ಹೇಳಿಸಲು ಮಾಲಕರು ಮುಕಾದಮ ಮಾಣಿಕಪ್ಪನನ್ನೇ ತಂದಿದ್ದರು. ಖಾದರ್ ವಕೀಲರು ಏನೂ ಗೊತ್ತಿಲ್ಲದವರಂತೆ ಕೇಳಿದರು.

“ನಿನ್ನ ಜೋಡಿ ಜಗಳಾಡಿದಾಂವ ಮರುದಿನ ಖಣಿಗಿ ಹೆಂಗ ಬಂದ?”

“ರಾಜೀನಾಮಾ ಆಗಿತ್ತಲ್ರೀ, ಅದಕ್ಕ ಬಂದ.”

“ಬಂದು?”

“ಇಳಿ ಅಂದೆ, ಇಳಿದ.”

ಹೊಸ ಸಾಹೇಬರೂ ಮೈಸೂರಿನ ಕಡೆಯವರೇ. ಪೆನ್ನು ಕೆಳಗಿಟ್ಟರು. “ರಾಜೀನಾಮೆ ಕೊಟ್ಟವರು ಕೆಲಸಕ್ಕೆ ಯಾಕಪ್ಪ ಇಳೀತಾರೆ?”

ಮಾಣಿಕಪ್ಪನಿಗೆ ಈ ಪ್ರಶ್ನೆಯೇ ತಿಳಿಯಲಿಲ್ಲ. “ರಾಜೀನಾಮಾ ಆಗಿದ್ದಕ್ಕೇ ಇಳಿದನ್ರೀ. ಇಲ್ಲಾಂದ್ರ ಎಲ್ಲಿ ಇಳೀತಿದ್ದ? ಭಾಳ ಹಟದ ಮನಿಷ್ಯಾ. ವಕೀಲ ಕಾಕಾ ಇಬ್ಬರಿಗೂ ಕುಂದ್ರಿಸಿ ಒಂದೇ ಚಹಾ ಕುಡಿಸಿದ್ರು, ಇಳಿ ಅಂತ ಅವರೂ ಹೇಳಿದ್ರು.”

ಮಾಲಕರ ವಕೀಲ ಎದ್ದು ನಿಂತ, ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಕೆಲಸದಲ್ಲಿದ್ದಾಗಲೇ ಸತ್ತ ಎಂದು ತೀರ್ಪಾಯಿತು. ನಿಮ್ಮ ಹೆಸರೂ ಅದರಲ್ಲಿ ಬಂದಿದೆ. ಅವ್ವ ಮರುದಿನ ಕೊಡ ತೆಗೆದುಕೊಂಡು ಭಾವಿಗೆ ಹೋದಳು. ಮನೆಯಲ್ಲಿ ನೀರು ತುಂಬಿಯೇ ಇತ್ತು.

ಮೊನ್ನೆ ನಿಮ್ಮ ಮಗ ಸಿದ್ರಾಮ ಸೇಡಂನಿಂದ ಬಂದಿದ್ದ. ಒಳ್ಳೆಯ ಹುಡುಗ, ಅವನ ಮೇಲೆ ನನಗೇನೂ ಇಲ್ಲ. “ಶಾಂತಕ್ಕಾ, ಅಪ್ಪನ ವರ್ಷಾಂತಿಕಕ್ಕ ನೀವು ಬರಬೇಕು. ಅವನೇ ಹ್ವಾದ ಮ್ಯಾಲ ಇನ್ನೇನು ಸಿಟ್ಟು? ರಾಜೀನಾಮಾ ಮಾಡ್ಕೊಳ್ಳೂಣು” ಎಂದ. ಅವ್ವ ನನ್ನ ಮುಖ ನೋಡಿದಳು. ನಾನು ಒಳಗೆ ಹೋಗಿ ಒಂದೇ ಚಹಾ ತಂದೆ. ಅವನ ಮುಖ ಅರಳಿತು. ಅರ್ಧ ಸುರಿದು ಬಸಿ ನನಗೆ ಕೊಡಲು ಕೈ ಚಾಚಿದ.

ನಾನು ಅವನ ಕೈ ತಡೆದೆ. ಕಪ್ಪು, ಬಸಿ ಎರಡನ್ನೂ ಅವನ ಕಡೆಗೇ ಸರಿಸಿದೆ.

“ಕುಡಿ ತಮ್ಮಾ, ಆರತದ” ಅಂದಳು ಅವ್ವ.

ನಿಮ್ಮ ಅಣ್ಣನ ಮಗಳು,
ಶಾಂತಾ