ವರ್ಲಿನ್ ಕುಚೆರಾ ವಾಪಸು ತಂದಿಟ್ಟ ಸ್ಟೀಕ್ ಪೆಟ್ಟಿಗೆ

‘ಮನೆಗೊಂದು ಸ್ಟೀಕ್ ಪೆಟ್ಟಿಗೆ’ ಯೋಜನೆಯ ಮಾನ್ಯ ಅಧಿಕಾರಿಗಳೇ,

ಕಳೆದ ಗುರುವಾರ ಮಧ್ಯಾಹ್ನ ವರ್ಲಿನ್ ಕುಚೆರಾ ತಮಗೆ ಉಚಿತವಾಗಿ ಬಂದ ಸ್ಟೀಕ್ ಪೆಟ್ಟಿಗೆಯನ್ನು, ಅಂದರೆ ದನದ ಮಾಂಸದ ದಪ್ಪ ತುಂಡುಗಳಿದ್ದ ಪೆಟ್ಟಿಗೆಯನ್ನು, ಬಿಚ್ಚದೆ ತಂದು ನಿಮ್ಮ ಕಚೇರಿಯ ಮೇಜಿನ ಮೇಲಿಟ್ಟು ಹೊರಟುಹೋದರು. ನಮ್ಮ ಕೌಂಟಿಯ ವಾರಪತ್ರಿಕೆ ಮೂರನೇ ಪುಟದಲ್ಲಿ ಇದನ್ನು ನಾಲ್ಕು ಸಾಲುಗಳಲ್ಲಿ ವರದಿ ಮಾಡಿದೆ. ಹಿಂದಿರುಗಿಸಿದ ಕಾರಣ ತಿಳಿಯದೆಂದು ನೀವು ವರದಿಗಾರ್ತಿಗೆ ಹೇಳಿದ್ದೀರಿ. ಕಾರಣ ನನಗೆ ಗೊತ್ತು. ಅವರ ಹೆಸರನ್ನು ನಿಮಗೆ ಕಳುಹಿಸಿದವನು ನಾನೇ.

ನಿಮ್ಮ ಅರ್ಜಿ ನಮೂನೆಯನ್ನು ಬರೆದವರು ಜಾಣರು. ನೆರೆಯ ಅರ್ಹ ಕುಟುಂಬವೊಂದನ್ನು ಸೂಚಿಸಿ. ಅವರ ಕಷ್ಟವನ್ನು ನೂರು ಪದಗಳಲ್ಲಿ ವಿವರಿಸಿ. ನಿಮ್ಮ ಹೆಸರು ಗುಟ್ಟಾಗಿರುತ್ತದೆ. ಆಯ್ಕೆಯಾದರೆ ಸೂಚಿಸಿದವರಿಗೂ ಒಂದು ಪೆಟ್ಟಿಗೆ. ಕಷ್ಟ ಪಕ್ಕದ ಮನೆಯದು, ಮಾಂಸ ಎರಡೂ ಮನೆಗೆ. ಇಂಥ ಏರ್ಪಾಡಿನಲ್ಲಿ ಯಾರ ಕಷ್ಟ ತಾನೇ ಸಣ್ಣದಾಗಿ ಕಂಡೀತು? ಆ ಕುಟುಂಬವನ್ನು ಒಂದು ಮಾತು ಕೇಳಿದ್ದೀರಾ ಎಂಬ ಪ್ರಶ್ನೆ ಮಾತ್ರ ಅದರಲ್ಲಿ ಇರಲಿಲ್ಲ.

ನೆಬ್ರಾಸ್ಕಾದ ಈ ಮೂಲೆಯಲ್ಲಿ ದನದ ಮಾಂಸವನ್ನು ಅಂಗಡಿಯಿಂದ ತರುವವರು ಕಡಿಮೆ ಎಂಬುದು ನಿಮಗೂ ಗೊತ್ತು. ಪರಿಚಯದವರು ದನ ಕಡಿಸಿದಾಗ ಕಾಲುಪಾಲೋ ಅರ್ಧಪಾಲೋ ತಂದು ನೆಲಮಾಳಿಗೆಯ ಫ್ರೀಜರಿಗೆ ತುಂಬಿಕೊಳ್ಳುತ್ತೇವೆ. ನನ್ನ ಮನೆಗೆ ಇಪ್ಪತ್ತೆರಡು ವರ್ಷ ಆ ಪಾಲು ಬಂದದ್ದು ವರ್ಲಿನ್ ಅವರ ಹಿಂಡಿನಿಂದ. ಹೋದ ಅಕ್ಟೋಬರಿನಲ್ಲಿ ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಅವರು ದನಗಳನ್ನೆಲ್ಲ ಮಾರಿದರು. ಜನವರಿಯ ಹೊತ್ತಿಗೆ ನನ್ನ ಫ್ರೀಜರಿನ ತಳ ಕಾಣತೊಡಗಿತು. ಅದೇ ವಾರ ನಿಮ್ಮ ನಮೂನೆ ಅಂಚೆಯಲ್ಲಿ ಬಂತು.

ನಾನು ಹೀಗೆ ಬರೆದೆ: ದನ ಮಾರಿದ ಮೇಲೆ ಈ ಮನೆಯಲ್ಲಿ ಮಾಂಸದ ಅಡುಗೆಯೇ ಅಪರೂಪ; ಯಜಮಾನರು ಡಬ್ಬಿಯ ಬೀನ್ಸ್ ತಿಂದು ಊಟ ಮುಗಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ನಿಜ. ಒಂದೇ ಸಲ, ಬೇಲಿ ರಿಪೇರಿಯ ದಿನ. ಅರ್ಧ ಡಬ್ಬಿ ನನಗೂ ಕೊಟ್ಟಿದ್ದರು.

ಈ ಸಾಲುಗಳನ್ನು ನೀವು ಬೆಳಗಿನ ರೇಡಿಯೋದಲ್ಲಿ ಓದಿಸಿದಿರಿ. ಕುಟುಂಬದ ಹೆಸರಿನ ಸಮೇತ ನಿಮ್ಮ ಸೂಚನಾ ಫಲಕಕ್ಕೂ ಅಂಟಿಸಿದಿರಿ. ಗುಟ್ಟಾಗಿ ಉಳಿದದ್ದು ನನ್ನ ಹೆಸರೊಂದೇ.

ಮರುದಿನ ಧಾನ್ಯ ಸಹಕಾರ ಸಂಘದ ಕಾಫಿ ಮೇಜಿನಲ್ಲಿ ನಮ್ಮ ಜೊತೆಯ ಡೆಲ್ಮರ್ ಶುರುಮಾಡಿದ: “ಬಾರಯ್ಯಾ ವರ್ಲಿನ್, ಬೀನ್ಸ್ ಬಿಸಿ ಮಾಡಿಸ್ಲಾ, ಇಲ್ಲಾ ತಣ್ಣಗೇ ತಿಂತೀಯಾ?” ಎಲ್ಲರೂ ನಕ್ಕರು. ನಾನೂ ನಕ್ಕೆ. ವರ್ಲಿನ್ ಕಾಫಿ ಬಿಟ್ಟು ಟೋಪಿ ಎತ್ತಿಕೊಂಡು ಹೋದವರು ಆಮೇಲೆ ಆ ಮೇಜಿಗೆ ಬಂದಿಲ್ಲ.

ತಮಗೆ ಪೆಟ್ಟಿಗೆ ತಲುಪಿದ ಸಂಜೆ ವರ್ಲಿನ್ ನನ್ನನ್ನು ಮನೆಗೆ ಕರೆಸಿದರು. ಒಂದೊಂದೇ ಮೆಟ್ಟಿಲು ಇಳಿದು ನೆಲಮಾಳಿಗೆಗೆ ಕರೆದೊಯ್ದು ಫ್ರೀಜರಿನ ಮುಚ್ಚಳ ಎತ್ತಿದರು. ಬಿಳಿ ಕಾಗದದ ಪೊಟ್ಟಣಗಳು ಅಂಚಿನವರೆಗೂ ತುಂಬಿದ್ದವು.

“ನೋಡಯ್ಯಾ ಲೊವೆಲ್, ಹಿಂಡು ಮಾರೋ ಮುಂಚೆ ಕಡಿಸಿಟ್ಟಿದ್ದು, ಎರಡು ವರ್ಷಕ್ಕಾಗುತ್ತೆ. ಈ ಕಡೆ ಸಾಲು ಪೂರ್ತಿ ನಿಂದು. ಮಂಡಿ ನೆಟ್ಟಗಾಗ್ಲಿ, ತಂದುಕೊಡೋಣ ಅಂತಿದ್ದೆ. ಹಸಿದಿದೀನಿ ಅಂತ ಬರೆದೋರು ಯಾರಿರಬಹುದು ಹೇಳು?”

“ಗೊತ್ತಿಲ್ಲಪ್ಪಾ” ಎಂದೆ.

“ಇನ್ಯಾರು, ನನ್ನ ತಂಗಿ ಮೆರ್ವಾನೇ” ಎಂದರು ಮೆಟ್ಟಿಲ ಮೇಲೆ ನಿಂತಿದ್ದ ಅವರ ಹೆಂಡತಿ ಆರ್ಲಿಸ್. “ನಮ್ಮನೆ ಸುದ್ದಿ ಊರಿಗೆಲ್ಲಾ ಹೇಳದಿದ್ರೆ ಅವಳಿಗೆ ನಿದ್ದೆ ಬರಲ್ಲ.”

ಆಗಲೂ ನಾನು ಬಾಯಿ ಬಿಡಲಿಲ್ಲ. ಅಕ್ಕತಂಗಿಯರು ಮಾತು ಬಿಟ್ಟು ಮೂರು ವಾರವಾಯಿತು.

ನಮ್ಮ ಚರ್ಚಿನಲ್ಲಿ ಯಾರದೇ ಶವಸಂಸ್ಕಾರವಾಗಲಿ, ಆಮೇಲಿನ ಊಟಕ್ಕೆ ಹುರಿದ ಮಾಂಸ ತರುತ್ತಿದ್ದವರು ಆರ್ಲಿಸ್. ಮೂವತ್ತು ವರ್ಷಗಳಿಂದ. ಹೋದ ವಾರ ಅಡುಗೆಮನೆಯ ಮೇಲ್ವಿಚಾರಕಿ ಫೋನ್ ಮಾಡಿ, “ಈ ಸಲ ನೀನೇನೂ ತರ್ಬೇಡ ಕಣಮ್ಮಾ, ಪಾಪ. ಸುಮ್ನೆ ಬಂದು ಊಟ ಮಾಡ್ಕೊಂಡು ಹೋಗು” ಎಂದರಂತೆ. ಆರ್ಲಿಸ್ ಹೋಗಲಿಲ್ಲ. ಕೊಡುವವರ ಸಾಲಿನಲ್ಲಿದ್ದ ಹೆಂಗಸನ್ನು ಬೇಡುವವರ ಸಾಲಿಗೆ ತಂದು ನಿಲ್ಲಿಸಲು ನಿಮ್ಮ ಇಲಾಖೆಗೂ ನನಗೂ ಸೇರಿ ಬೇಕಾದದ್ದು ನೂರೇ ಪದಗಳು. ಇದಕ್ಕೆ ನಿಮ್ಮ ವಾರ್ಷಿಕ ವರದಿಯಲ್ಲಿ ಯಾವ ಕಾಲಂ ಇದೆ?

ನನ್ನ ಪಾಲಿನ ಪೆಟ್ಟಿಗೆಯನ್ನು ನಾನು ಹಿಂದಿರುಗಿಸಲಾರೆ. ತಿಂದಾಗಿದೆ. ಬೆರಳು ದಪ್ಪದ ನಾಲ್ಕು ತುಂಡುಗಳಿದ್ದವು. ರುಚಿಯಾಗಿದ್ದವು. ಅದನ್ನೂ ಬರೆಯದಿದ್ದರೆ ಈ ಪತ್ರ ಇನ್ನೊಂದು ಸುಳ್ಳು ಅರ್ಜಿಯಾಗುತ್ತದೆ.

ಯೋಜನೆ ನಿಲ್ಲಿಸಿ ಎಂದು ಕೇಳುತ್ತಿಲ್ಲ. ಈ ಕೌಂಟಿಯಲ್ಲಿ ನಿಜಕ್ಕೂ ಫ್ರೀಜರ್ ಖಾಲಿಯಿರುವ ಮನೆಗಳಿವೆ, ಅವರೂ ಒಮ್ಮೆ ಒಳ್ಳೆಯ ಮಾಂಸ ತಿನ್ನಲಿ. ಆದರೆ ಆ ಮನೆಯವರನ್ನು ಮೊದಲು ಕೇಳಿ. ಅವರ ಹೆಸರನ್ನು ಎಲ್ಲಿಯೂ ಓದಬೇಡಿ. ಸೂಚಿಸಿದವನಿಗೆ ಪೆಟ್ಟಿಗೆ ಕೊಡುವುದನ್ನು ಇಂದೇ ರದ್ದು ಮಾಡಿ. ಕುಚೆರಾ ಕುಟುಂಬದ ಬಗ್ಗೆ ಅಂಟಿಸಿದ ಹಾಳೆಯನ್ನು ತೆಗೆಯಿರಿ, ಅದರಲ್ಲಿದ್ದದ್ದು ಸುಳ್ಳೆಂದು ಅದೇ ರೇಡಿಯೋದಲ್ಲಿ, ಅದೇ ಹೊತ್ತಿಗೆ ಓದಿಸಿ. ಬರೆದವನ ಹೆಸರನ್ನೂ ಓದಿಸಿ. ನನ್ನ ಅಭ್ಯಂತರವಿಲ್ಲ.

ಈ ಪತ್ರವನ್ನು ಅದೇ ವಾರಪತ್ರಿಕೆಯ ಬುಧವಾರದ ಸಂಚಿಕೆಗೆ ಕೊಟ್ಟಿದ್ದೇನೆ. ಅದರ ಹಿಂದಿನ ದಿನ, ಮಂಗಳವಾರ ಸಂಜೆ ಆರು ಗಂಟೆಗೆ, ಕುಚೆರಾ ಅವರ ಮನೆಗೆ ಹೋಗುತ್ತೇನೆ. ಮೆರ್ವಾ ಅವರಿಗೂ ಬರಲು ಹೇಳಿದ್ದೇನೆ.

ಇಂತಿ,
ಈ ಬಾರಿ ಹೆಸರು ಹಾಕಿ ಬರೆದಿರುವ
ಲೊವೆಲ್ ಟೆಸ್ಮರ್